ಟ್ರೇಲರ್ ಎಳೆಯುವ ಟ್ರಕ್ಕಿಗೆ ಟೈರ್: ಮೊದಲು ತೂಕ, ಆಮೇಲೆ ಅಂಗಡಿ

ನಮ್ಮ ರಾಮ್ 2500 ಪಿಕಪ್ ಟ್ರಕ್ಕಿಗೆ ಮಿಶೆಲಿನ್ ಡಿಫೆಂಡರ್ ಎಲ್‌ಟಿಎಕ್ಸ್ ಎಂ/ಎಸ್2 ಟೈರುಗಳನ್ನು ಹಾಕಿಸಿ, ಟೆಕ್ಸಾಸಿನ ಒಂದು ಇಡೀ ಬೇಸಿಗೆಯನ್ನು ಅವುಗಳ ಮೇಲೆ ಕಳೆದ ಬಳಿಕ ಇದನ್ನು ಬರೆಯುತ್ತಿದ್ದೇನೆ. ಅಳತೆ ಎಲ್‌ಟಿ (ಲೈಟ್ ಟ್ರಕ್, ಅಂದರೆ ಇಂಥ ಸಣ್ಣ ಟ್ರಕ್ಕುಗಳ ವರ್ಗ) 275/70ಆರ್18, ಲೋಡ್ ರೇಂಜ್ (ಎಷ್ಟು ಗಾಳಿ, ಭಾರ ತಡೆಯುತ್ತದೆಂಬ ದರ್ಜೆ) ಇ. ಟ್ರಕ್ಕು ಎಳೆಯುವುದು ಮೂವತ್ತು ಅಡಿ ಉದ್ದದ ಟ್ರಾವೆಲ್ ಟ್ರೇಲರನ್ನು. ಅದರೊಳಗೆ ಅಡುಗೆಮನೆ, ಮಂಚಗಳು, ಸ್ನಾನದ ಮನೆ, ನೀರಿನ ಟ್ಯಾಂಕು, ಊರಿನಿಂದ ಅತ್ತೆಯವರು ಬಂದಿದ್ದಾಗ ದೋಸೆಹಿಟ್ಟಿನ ಗ್ರೈಂಡರ್ ಸಹ ಇರುತ್ತದೆ. ಎಲ್ಲ ತುಂಬಿದಾಗ ತೂಕ ಒಂಬತ್ತು ಸಾವಿರ ಪೌಂಡು, ಅಂದರೆ ನಾಲ್ಕು ಟನ್ನಿಗಿಂತ ಸ್ವಲ್ಪ ಹೆಚ್ಚು. ಈ ಕೆಲಸಕ್ಕೆ ಈ ಟೈರು ಬಹಳ ಒಳ್ಳೆಯದು. ದುಬಾರಿ ಹೌದು, ಆದರೂ ಕೊಟ್ಟ ಹಣಕ್ಕೆ ಬೇಸರವಿಲ್ಲ.

ಯಾರು ಕೇಳಿದರೂ ಮೊದಲು ಕೇಳುವುದು ಯಾವ ಕಂಪನಿಯ ಟೈರು ಎಂದು. ಕಂಪನಿಯ ಹೆಸರಿಗೆ ನಾನು ಕೊನೆಯ ಸ್ಥಾನ ಕೊಡುತ್ತೇನೆ. ಆಕ್ಸೆಲ್ ಮೇಲೆ ನಿಜವಾಗಿ ಎಷ್ಟು ತೂಕ ಬೀಳುತ್ತದೆ, ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಎಷ್ಟನ್ನು ಹೊರುತ್ತದೆ, ಅದನ್ನು ಹೊರಲು ಒಳಗೆ ಎಷ್ಟು ಗಾಳಿ ಇರಬೇಕು ಎಂಬ ಮೂರು ಸಂಗತಿಗಳು ಗೊತ್ತಾದ ಮೇಲೆ ಯಾವ ಕಂಪನಿಯ ಟೈರನ್ನಾದರೂ ಧೈರ್ಯವಾಗಿ ಆರಿಸಬಹುದು. ಅವು ಗೊತ್ತಿಲ್ಲದಿದ್ದರೆ ಅತಿ ದುಬಾರಿ ಟೈರೂ ರಕ್ಷಣೆ ಕೊಡುವುದಿಲ್ಲ.

ನಾನು ಚಳ್ಳಕೆರೆಯವಳು. ನಮ್ಮ ತಂದೆ ಶೇಂಗಾ ಮತ್ತು ಹಿಂಡಿ ಸಾಗಿಸುವ ಲಾರಿಗಳನ್ನು ಇಟ್ಟಿದ್ದರು. ಆ ಲಾರಿಗಳ 10.00-20 ನೈಲಾನ್ ಟೈರುಗಳ ಮೇಲೆ 16 ಪಿಆರ್ ಎಂದು ಅಚ್ಚಾಗಿರುತ್ತಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ಹದಿನಾರು ಪ್ಲೈ, ಅಂದರೆ ಪದರ, ಎನ್ನುತ್ತಿದ್ದರು. ಲೋಡು ಹೊರಡುವ ಮುನ್ನ ಚಾಲಕರು ಕಬ್ಬಿಣದ ರಾಡಿನಿಂದ ಒಂದೊಂದೇ ಟೈರನ್ನು ತಟ್ಟಿ ಸದ್ದು ಕೇಳುತ್ತಿದ್ದರು. ಜೋಡಿಯಲ್ಲಿ ಒಳಗಿನ ಟೈರಿನ ಗಾಳಿ ಇಳಿದಿದ್ದರೆ ಸದ್ದು ಮಂಕಾಗಿ ಬರುತ್ತಿತ್ತು. ಟೀ ಕುಡಿಯಲು ನಿಂತ ಕಡೆಯಲ್ಲೆಲ್ಲ ಕ್ಲೀನರ್ ಹುಡುಗ ಕೆಳಗಿಳಿದು, ಕೈಯ ಹಿಂಬದಿಯನ್ನು ಟೈರಿಗೆ ತಾಗಿಸಿ ಬಿಸಿ ಎಷ್ಟಾಗಿದೆ ಎಂದು ನೋಡುತ್ತಿದ್ದ. ಹಾಗೆ ಬೆಳೆದವಳಿಗೆ ಟೈರಿನ ವಿಷಯವನ್ನು ಅಂಗಡಿಯವರ ಮೇಲೆ ಬಿಟ್ಟು ಸುಮ್ಮನಿರಲು ಆಗುವುದಿಲ್ಲ. ಮನೆಯವರು ಟ್ರೇಲರಿನ ಸೌರಫಲಕ, ಬ್ಯಾಟರಿಗಳನ್ನು ನೋಡಿಕೊಳ್ಳುತ್ತಾರೆ. ಚಕ್ರಗಳು ನನ್ನ ಪಾಲಿಗೆ.

ಟೈರ್ ಕೊಳ್ಳುವ ಮೊದಲು ತೂಕ ಹಾಕಿಸಬೇಕು. ಇಲ್ಲಿ ಹೆದ್ದಾರಿಗಳ ಪಕ್ಕದ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ಕಂಪನಿಯ ವೇಬ್ರಿಡ್ಜುಗಳಿವೆ. ದೊಡ್ಡ ಲಾರಿಗಳಿಗೆಂದು ಕಟ್ಟಿದ್ದರೂ ನಮ್ಮಂಥವರೂ ಗಾಡಿ ನಿಲ್ಲಿಸಿ ತೂಕ ಹಾಕಿಸಬಹುದು. ಖರ್ಚು ಒಂದು ಊಟದಷ್ಟು. ಮುಂದಿನ ಆಕ್ಸೆಲ್, ಹಿಂದಿನ ಆಕ್ಸೆಲ್, ಟ್ರೇಲರಿನ ಆಕ್ಸೆಲ್‌ಗಳು ಬೇರೆ ಬೇರೆ ಹಲಗೆಗಳ ಮೇಲೆ ನಿಲ್ಲುತ್ತವೆ, ಮೂರರ ತೂಕವೂ ಪ್ರತ್ಯೇಕವಾಗಿ ಅಚ್ಚಾಗಿ ಬರುತ್ತದೆ. ಮೊದಲು ಟ್ರೇಲರ್ ಸಮೇತ, ಆಮೇಲೆ ಟ್ರೇಲರನ್ನು ಬಿಚ್ಚಿ ನಿಲ್ಲಿಸಿ ಬರೀ ಟ್ರಕ್ಕು, ಹೀಗೆ ಎರಡು ಚೀಟಿ ಪಡೆಯಬೇಕು.

ನಮ್ಮದು ಹೀಗೆ ಬಂತು. ಮನೆ ಮಂದಿಯೆಲ್ಲ ಕುಳಿತು, ಡೀಸೆಲ್ ಟ್ಯಾಂಕ್ ತುಂಬಿಸಿ, ಟ್ರೇಲರ್ ಕಟ್ಟಿದಾಗ ಟ್ರಕ್ಕಿನ ಮುಂದಿನ ಆಕ್ಸೆಲ್ ಮೇಲೆ 4740 ಪೌಂಡು, ಹಿಂದಿನದರ ಮೇಲೆ 4880, ಟ್ರೇಲರಿನ ಆಕ್ಸೆಲ್‌ಗಳ ಮೇಲೆ 7860. ಟ್ರೇಲರ್ ಬಿಚ್ಚಿದಾಗ ಟ್ರಕ್ಕಿನ ಮುಂದೆ 4900, ಹಿಂದೆ 3580. ಕೂಡಿ ಕಳೆದರೆ ಟ್ರೇಲರಿನ ಮೂತಿ ಟ್ರಕ್ಕಿನ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಹೊರಿಸುವ ಭಾರ 1140 ಪೌಂಡು ಎಂದು ತಿಳಿಯುತ್ತದೆ. ಎತ್ತಿನ ಗಾಡಿಯ ಮೂಕಿಯ ಭಾರ ಎತ್ತುಗಳ ಹೆಗಲಿಗೆ ಬೀಳುವಂತೆ ಇದು ಟ್ರಕ್ಕಿನ ಹಿಂದಿನ ಟೈರುಗಳಿಗೆ ಬೀಳುತ್ತದೆ. ಟ್ರೇಲರಿನ ಒಟ್ಟು ತೂಕದಲ್ಲಿ ಈ ಭಾರ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಇರಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಬೀಸತೊಡಗುತ್ತದೆ. ನಮ್ಮದು ಹದಿಮೂರರ ಹತ್ತಿರವಿದೆ. ಹಿಂದಿನ ಆಕ್ಸೆಲ್ ಮೇಲೆ ಹೆಚ್ಚಾದದ್ದು ಮಾತ್ರ 1140 ಅಲ್ಲ, 1300. ಹಿಚ್ ಆಕ್ಸೆಲ್‌ನ ಆಚೆಗೆ ಚಾಚಿಕೊಂಡಿರುವುದರಿಂದ ಅಲ್ಲಿ ಒತ್ತಿದ ಭಾರ ಮುಂದಿನ ಚಕ್ರಗಳನ್ನು ಸ್ವಲ್ಪ ಎತ್ತುತ್ತದೆ, ಆ 160 ಪೌಂಡನ್ನೂ ಹಿಂದಿನ ಚಕ್ರಗಳೇ ಹೊರಬೇಕಾಗುತ್ತದೆ.

ಟ್ರೇಲರ್ ಮಾರುವವರ ಕರಪತ್ರದಲ್ಲಿ ಬರೆದಿರುವ ಖಾಲಿ ತೂಕವನ್ನು ನಂಬಿ ಲೆಕ್ಕ ಹಾಕಬೇಡಿ. ಅದರಲ್ಲಿ ನೀರಿಲ್ಲ, ಪಾತ್ರೆಗಳಿಲ್ಲ, ಹಾಸಿಗೆ ಬಟ್ಟೆಗಳಿಲ್ಲ. ಒಂದು ಗ್ಯಾಲನ್ ನೀರು ಎಂಟು ಪೌಂಡಿಗಿಂತ ಹೆಚ್ಚು ತೂಗುತ್ತದೆ. ನಲವತ್ತು ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಮೂರು ಮನುಷ್ಯರಲ್ಲದಿದ್ದರೂ ಇಬ್ಬರು ದಪ್ಪ ಮನುಷ್ಯರು ಹತ್ತಿ ಕುಳಿತಷ್ಟಾಯಿತು.

ಇನ್ನು ಟ್ರಕ್ಕಿನ ಕಡೆಯ ಅಂಕಿ. ಚಾಲಕರ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಇಡೀ ಗಾಡಿಯ ಮಿತಿ, ಪ್ರತಿ ಆಕ್ಸೆಲ್‌ನ ಮಿತಿ, ಕಾರ್ಖಾನೆಯಲ್ಲಿ ಹಾಕಿದ ಟೈರಿನ ಅಳತೆ, ತಣ್ಣಗಿರುವಾಗ ಇರಬೇಕಾದ ಗಾಳಿ, ನಾಲ್ಕೂ ಅಲ್ಲಿವೆ. ನಮ್ಮ ಟ್ರಕ್ಕಿನಲ್ಲಿ ಇಡೀ ಗಾಡಿಗೆ 10,000 ಪೌಂಡು, ಹಿಂದಿನ ಆಕ್ಸೆಲ್‌ಗೆ 6040 ಪೌಂಡು ಮಿತಿ. ಗಾಳಿ ಮುಂದೆ 60, ಹಿಂದೆ 80 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಒತ್ತಡದ ಅಳತೆ). ಟೈರ್ ಆರಿಸುವಾಗ ವೇಬ್ರಿಡ್ಜ್ ತೋರಿಸಿದ 4880ಕ್ಕೆ ಸಾಕಾಗುವಂಥದ್ದನ್ನು ಹುಡುಕಿದರೆ ಸಾಲದು. ಆಕ್ಸೆಲ್‌ನ ಪೂರ್ತಿ 6040 ಪೌಂಡನ್ನು ಎರಡು ಟೈರುಗಳು ಹೊರುವಂತಿರಬೇಕು, ಅದರ ಮೇಲೆ ಇನ್ನಷ್ಟು ಉಳಿಯಬೇಕು. ಏಕೆಂದರೆ ತೂಕ ಎರಡೂ ಬದಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ, ತಿರುವಿನಲ್ಲಿ ಒಂದು ಬದಿಗೆ ವಾಲುತ್ತದೆ, ರಸ್ತೆಯ ಹಳ್ಳ ಹೇಳಿ ಕೇಳಿ ಬರುವುದಿಲ್ಲ.

125/122ಆರ್ ಎಂದು ನಮ್ಮ ಟೈರಿನ ಮೇಲೆ ಬರೆದಿದೆ. 125 ಎಂಬುದು ಲೋಡ್ ಸೂಚ್ಯಂಕ, ಒಂದು ಟೈರು ಹೊರಬಲ್ಲ ಭಾರದ ಸಂಕೇತ; ಅದಕ್ಕೆ 1650 ಕಿಲೋ, ಅಂದರೆ 3640 ಪೌಂಡು. ಇದು ಒಂಟಿಯಾಗಿ ಹಾಕಿದಾಗ, ಅದೂ 80 ಪಿಎಸ್‌ಐ ಗಾಳಿ ಇದ್ದಾಗ. 122 ಎಂಬುದು ಒಂದೇ ಬದಿಗೆ ಜೋಡಿ ಟೈರು ಹಾಕುವ ಟ್ರಕ್ಕುಗಳಿಗೆ. ಜೋಡಿಯಲ್ಲಿ ಎರಡೂ ಸಮನಾಗಿ ಹೊರುವುದಿಲ್ಲ, ಬಿಸಿಯೂ ಸರಿಯಾಗಿ ಹೊರಗೆ ಹೋಗುವುದಿಲ್ಲ, ಹಾಗಾಗಿ ಕಡಿಮೆ. ಆರ್ ಎಂಬುದು ವೇಗದ ಮಿತಿ, ಗಂಟೆಗೆ 170 ಕಿಲೋಮೀಟರ್. ಹಿಂದಿನ ಎರಡು ಟೈರು ಸೇರಿ 7280 ಪೌಂಡು ಹೊರುತ್ತವೆ. ಆಕ್ಸೆಲ್‌ನ ಮಿತಿಗಿಂತ 1240 ಪೌಂಡು ಹೆಚ್ಚು. ಈ ಅಂತರವೇ ನನ್ನನ್ನು ನೆಮ್ಮದಿಯಿಂದ ಓಡಿಸುವಂತೆ ಮಾಡುತ್ತದೆ.

ಈ ಟೈರು ಕೊಳ್ಳುವ ಮೊದಲು ಹೋಗಿದ್ದ ಬೇರೊಂದು ಅಂಗಡಿಯ ವಿಷಯ ಹೇಳಲೇಬೇಕು; ಹೆಸರು ಬೇಡ. ಕೌಂಟರಿನಲ್ಲಿದ್ದ ಯುವಕ ನನ್ನ ಪ್ರಶ್ನೆ ಮುಗಿಯುವ ಮುನ್ನವೇ ನನ್ನ ಗಂಡನ ಕಡೆ ತಿರುಗಿ 35 ಇಂಚಿನ ಆಲ್ ಟೆರೇನ್ (ಕಚ್ಚಾ ರಸ್ತೆಗೂ ಆಗುವ) ಟೈರು, ಜೊತೆಗೆ 20 ಇಂಚಿನ ಹೊಸ ರಿಮ್‌ಗಳನ್ನು ತೋರಿಸತೊಡಗಿದ. ಟೈರು ದೊಡ್ಡದಾದಷ್ಟೂ ಹೊರುವ ಶಕ್ತಿ ಹೆಚ್ಚು, ಇದೂ ಲೋಡ್ ರೇಂಜ್ ಇ ಆದ್ದರಿಂದ ಏನೂ ವ್ಯತ್ಯಾಸವಿಲ್ಲ ಎಂಬುದು ಅವನ ವಾದ. ನಾನು ಬಗ್ಗಿ ಟೈರಿನ ಪಕ್ಕವನ್ನು ಓದಿದೆ. 35x12.50ಆರ್20, ಲೋಡ್ ರೇಂಜ್ ಇ, 121. ಅಂದರೆ 3195 ಪೌಂಡು, ಅದೂ 65 ಪಿಎಸ್‌ಐನಲ್ಲಿ. ಅದಕ್ಕಿಂತ ಹೆಚ್ಚು ಗಾಳಿಗೆ ಆ ಟೈರಿನಲ್ಲಿ ಅವಕಾಶವೇ ಇಲ್ಲ. ಕಣ್ಣಿಗೆ ಆನೆಯಂತಿದ್ದ ಆ ಟೈರು ನಮ್ಮ ಹಳೆಯ ಅಳತೆಯದಕ್ಕಿಂತ 445 ಪೌಂಡು ಕಡಿಮೆ ಹೊರುತ್ತದೆ. ಆಕ್ಸೆಲ್ ಲೆಕ್ಕದಲ್ಲಿ 890 ಪೌಂಡು. ಎರಡೂ ಸೇರಿ 6390 ಆದ್ದರಿಂದ ನಿಯಮದ ಪ್ರಕಾರ ಸಾಲುತ್ತದೆ, ಆದರೆ ಉಳಿಯುವ ಅಂತರ 350 ಪೌಂಡು ಮಾತ್ರ. ಅದೇ ಅಳತೆಯಲ್ಲಿ ಲೋಡ್ ರೇಂಜ್ ಎಫ್ ಟೈರೂ ಸಿಗುತ್ತದೆ, ಅದು 80 ಪಿಎಸ್‌ಐನಲ್ಲಿ 3640 ಪೌಂಡನ್ನೇ ಹೊರುತ್ತದೆ. ಅದನ್ನು ಅವನು ತೋರಿಸಲಿಲ್ಲ. ಟ್ರಕ್ಕು ಎತ್ತರವಾಗಿ ಕಾಣಲಿ ಎಂಬ ಆಸೆ ಇರುವವರು ಇರಲಿ, ಅದರಲ್ಲಿ ತಪ್ಪಿಲ್ಲ. ಆದರೆ ಟ್ರೇಲರ್ ಎಳೆಯಲು ಟೈರ್ ಬೇಕು ಎಂದು ಬಾಯಿಬಿಟ್ಟು ಕೇಳಿದವರಿಗೆ ಕಡಿಮೆ ಹೊರುವ ಟೈರನ್ನು ಹೆಚ್ಚು ಹೊರುತ್ತದೆಂದು ಹೇಳಿ ಮಾರುವುದು ನನಗೆ ಬಹಳ ಸಿಟ್ಟು ತರಿಸಿತು. ಆ ಮಾತನ್ನು ನಂಬಿ ಹೋಗುವ ಕುಟುಂಬಗಳ ಮಕ್ಕಳು ಹಿಂದಿನ ಸೀಟಿನಲ್ಲಿ ಕುಳಿತಿರುತ್ತಾರೆ.

ಭಾರವನ್ನು ನಿಜವಾಗಿ ಹೊರುವುದು ಗಾಳಿ. ರಬ್ಬರು, ಉಕ್ಕಿನ ತಂತಿ, ಪಾಲಿಯೆಸ್ಟರ್ ದಾರಗಳೆಲ್ಲ ಆ ಗಾಳಿಯನ್ನು ಹಿಡಿದಿಡುವ ಚೀಲ. ಚೀಲ ಎಷ್ಟು ಗಟ್ಟಿಯೋ ಅಷ್ಟು ಒತ್ತಡ ತುಂಬಬಹುದು, ಎಷ್ಟು ಒತ್ತಡವೋ ಅಷ್ಟು ಭಾರ. ಲೋಡ್ ರೇಂಜ್ ಸಿ ಸಾಮಾನ್ಯವಾಗಿ 50 ಪಿಎಸ್‌ಐವರೆಗೆ, ಡಿ 65, ಇ 80, ಎಫ್ 95. ಹಿಂದೆ ಹತ್ತಿಯ ಪದರಗಳನ್ನು ಎಣಿಸುತ್ತಿದ್ದ ಕಾಲದಲ್ಲಿ ಇವನ್ನು ಆರು, ಎಂಟು, ಹತ್ತು, ಹನ್ನೆರಡು ಪ್ಲೈ ಎನ್ನುತ್ತಿದ್ದರು. ಈಗಿನ ಹತ್ತು ಪ್ಲೈ ಟೈರಿನ ಪಕ್ಕದಲ್ಲಿ ನಿಜಕ್ಕೂ ಎರಡು ಅಥವಾ ಮೂರು ಪದರಗಳಷ್ಟೇ ಇರುತ್ತವೆ. ಹಾಗಾಗಿ ಪ್ಲೈ ಸಂಖ್ಯೆಗಿಂತ ಸೂಚ್ಯಂಕವನ್ನು ನೋಡಿ. ಅಗಲದ ದೊಡ್ಡ ಟೈರಿನಲ್ಲಿ ಅದೇ ಒತ್ತಡ ಹೆಚ್ಚು ವಿಸ್ತಾರದ ಮೇಲೆ ತಳ್ಳುವುದರಿಂದ ಚೀಲದ ಮೇಲಿನ ಎಳೆತವೂ ಹೆಚ್ಚು, ಅದಕ್ಕೇ ಆ 35 ಇಂಚಿನದನ್ನು ತಯಾರಕರು 65ಕ್ಕೆ ನಿಲ್ಲಿಸಿರುವುದು.

ಗಾಳಿ ಕಡಿಮೆಯಾದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ. ಆ ಮಡಚುವಿಕೆಯಿಂದ ಬಿಸಿ ಹುಟ್ಟುತ್ತದೆ. ಅದಕ್ಕೆ ಭಾರ, ವೇಗ, ಬಿಸಿಲು ಸೇರಿದರೆ ಒಳಗಿನ ಪದರಗಳ ಹಿಡಿತ ಬಿಟ್ಟು ಬಟನ್ ಪಟ್ಟಿ, ಅಂದರೆ ರಸ್ತೆಗೆ ತಾಗುವ ಹೊರಮೈ, ಪೂರ್ತಿಯಾಗಿ ಕಿತ್ತು ಬರುತ್ತದೆ. ಈ ದೇಶ ಇದನ್ನು ಬಹಳ ಬೆಲೆ ತೆತ್ತು ಕಲಿತಿದೆ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಬಹುತೇಕ ಅವು ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿದ್ದವು. ಬಟನ್ ಕಿತ್ತುಬಂದು ಗಾಡಿಗಳು ಮಗುಚಿ ಒಟ್ಟು ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಆಮೇಲೆ ಲೆಕ್ಕ ಸಿಕ್ಕಿತು. ಟೈರಿನ ದೋಷದ ಜೊತೆಗೆ, ಆ ವಾಹನಕ್ಕೆ ಸೂಚಿಸಿದ್ದ 26 ಪಿಎಸ್‌ಐ ಎಂಬ ಕಡಿಮೆ ಗಾಳಿಯೂ, ಟೆಕ್ಸಾಸ್, ಅರಿಝೋನಾ, ಫ್ಲೋರಿಡಾಗಳಂಥ ಕಡೆಯ ಸೆಕೆಯೂ ಚರ್ಚೆಗೆ ಬಂದವು. ಅದೇ ವರ್ಷ ಬಂದ ಕಾನೂನಿನ ಫಲವಾಗಿಯೇ ಇಂದು ಪ್ರತಿ ಹೊಸ ಕಾರಿನಲ್ಲೂ ಗಾಳಿ ಇಳಿದರೆ ಎಚ್ಚರಿಸುವ ದೀಪ ಇದೆ. ಆ ದೀಪ ಹತ್ತುವವರೆಗೆ ಕಾಯುವುದು ಟ್ರೇಲರ್ ಎಳೆಯುವವರಿಗೆ ತಕ್ಕದ್ದಲ್ಲ. ಬೆಳಿಗ್ಗೆ ಹೊರಡುವ ಮೊದಲು, ಬಿಸಿಲು ಬೀಳುವ ಮೊದಲು, ಮೀಟರ್ ಹಿಡಿದು ಗಾಳಿ ನೋಡಬೇಕು. ಓಡಿದ ಮೇಲೆ ಬಿಸಿಯಿಂದ ಹತ್ತು ಪಿಎಸ್‌ಐಗಿಂತ ಹೆಚ್ಚೂ ಏರಬಹುದು. ಅದನ್ನು ನೋಡಿ ಹೆದರಿ ಗಾಳಿ ಬಿಡಬಾರದು.

ಡಲ್ಲಾಸಿನಲ್ಲಿರುವ ನನ್ನ ಮೈದುನ ಈ ನಡುವೆ ಫೋರ್ಡ್ ಎಫ್-150 ಕೊಂಡಿದ್ದಾನೆ. "ಅತ್ತಿಗೆ, ನಾನೂ ನಿಮ್ಮ ಹಾಗೆ ಎಲ್‌ಟಿ ಟೈರ್ ಹಾಕಿಸಿದರೆ ಇನ್ನೂ ದೊಡ್ಡ ಟ್ರೇಲರ್ ಎಳೆಯಬಹುದಲ್ಲವೇ?" ಎಂದು ಕೇಳಿದ. ಈ ಪ್ರಶ್ನೆ ಬಹಳ ಜನರ ಮನಸ್ಸಿನಲ್ಲಿದೆ, ಆದ್ದರಿಂದ ಅವನಿಗೆ ಕೊಟ್ಟ ಉತ್ತರವನ್ನು ಇಲ್ಲೂ ಬರೆಯುತ್ತೇನೆ.

ಅವನ ಗಾಡಿಯ ಟೈರು 275/65ಆರ್18, ಸೂಚ್ಯಂಕ 116. ಅಂದರೆ 2756 ಪೌಂಡು. ಇದು ಕಾರಿನ ವರ್ಗದ ಟೈರು. ಇಂಥದ್ದನ್ನು ಟ್ರಕ್ಕಿಗೆ ಹಾಕಿದಾಗ ಅದರ ಸಾಮರ್ಥ್ಯವನ್ನು 1.1ರಿಂದ ಭಾಗಿಸಬೇಕೆಂಬ ನಿಯಮವಿದೆ. ಉಳಿಯುವುದು ಸುಮಾರು 2505. ಅದೇ ಅಳತೆಯ ಎಲ್‌ಟಿ ಟೈರು ಲೋಡ್ ರೇಂಜ್ ಸಿಯಲ್ಲಿ ಸಿಗುತ್ತದೆ, ಸೂಚ್ಯಂಕ 113, 50 ಪಿಎಸ್‌ಐನಲ್ಲಿ 2535 ಪೌಂಡು. ಹೆಚ್ಚು ಹಣ ಕೊಟ್ಟು, ಹೆಚ್ಚು ಗಾಳಿ ತುಂಬಿಸಿ ಗಳಿಸಿದ್ದು ಮೂವತ್ತು ಪೌಂಡು! ಲೋಡ್ ರೇಂಜ್ ಇ ಆದರೆ 123, 80 ಪಿಎಸ್‌ಐನಲ್ಲಿ 3415 ಪೌಂಡು. ಅದು ನಿಜವಾದ ಹೆಚ್ಚಳ. ಆದರೆ ಬಾಗಿಲಿನ ಸ್ಟಿಕ್ಕರಿನಲ್ಲಿ ಬರೆದಿರುವ 35ರ ಆಸುಪಾಸಿನ ಗಾಳಿಯನ್ನೇ ಆ ಇ ಟೈರಿಗೂ ತುಂಬಿಸಿ ಓಡಿಸಿದರೆ, ಅದು ಮೊದಲಿದ್ದ ಕಾರಿನ ಟೈರಿಗಿಂತಲೂ ಕಡಿಮೆ ಹೊರುತ್ತದೆ. ಟೈರ್ ಬದಲಿಸುವ ಅಂಗಡಿಗಳಲ್ಲಿ ಬಹಳ ಸಲ ಆಗುವುದು ಇದೇ: ಟೈರು ಹೊಸದು, ಗಾಳಿ ಹಳೆಯ ಸ್ಟಿಕ್ಕರಿನದು. ತಯಾರಕರ ಭಾರ ಮತ್ತು ಗಾಳಿಯ ಕೋಷ್ಟಕ ನೋಡಿ, ಹಳೆಯ ಟೈರು ಹೊರುತ್ತಿದ್ದಷ್ಟಾದರೂ ಹೊಸದು ಹೊರುವಷ್ಟು ಗಾಳಿ ತುಂಬಿಸಬೇಕು.

ದೊಡ್ಡ ಟ್ರೇಲರ್ ಎಳೆಯುವ ಆಸೆಗೆ ಮಾತ್ರ ನಾನು ಒಪ್ಪಲಿಲ್ಲ. ಟೈರು ಎಷ್ಟೇ ಗಟ್ಟಿಯಾದರೂ ಆಕ್ಸೆಲ್, ಸ್ಪ್ರಿಂಗು, ಬ್ರೇಕು, ಹಿಚ್ ಎಲ್ಲ ಹಳೆಯವೇ. ಬಾಗಿಲಿನ ಮೇಲಿನ ಮಿತಿ ಒಂದು ಪೌಂಡೂ ಹೆಚ್ಚುವುದಿಲ್ಲ. ಗಟ್ಟಿ ಪಕ್ಕದ ಟೈರು ಹಾಕಿದರೆ ಟ್ರೇಲರ್ ಹಿಂದಿನಿಂದ ತಳ್ಳಿದಾಗ ಗಾಡಿಯ ಹಿಂಭಾಗ ಅತ್ತಿತ್ತ ಜೋಲುವುದು ಕಡಿಮೆಯಾಗುತ್ತದೆ, ಅದೊಂದು ನಿಜವಾದ ಲಾಭ. ಅದಕ್ಕಾಗಿ ಹಾಕಿಸುವುದಾದರೆ ಹಾಕಿಸಲಿ. ಅವನು ಈಗಿರುವ ಸಣ್ಣ ಟ್ರೇಲರಿಗೇ ಸಮಾಧಾನಪಟ್ಟಿದ್ದಾನೆ.

ನಾನು ಟೈರ್ ಹಾಕಿಸಿದ್ದು ಆಸ್ಟಿನ್ನಿನಿಂದ ಈಶಾನ್ಯಕ್ಕಿರುವ ಟೇಲರ್ ಎಂಬ ಊರಿನ ಒಂದು ಸಣ್ಣ ಅಂಗಡಿಯಲ್ಲಿ. ರೈತರ ಟ್ರಾಕ್ಟರು, ದನ ಸಾಗಿಸುವ ಟ್ರೇಲರುಗಳು ಬರುವ ಅಂಗಡಿ. ಯಜಮಾನರು ನನ್ನ ವೇಬ್ರಿಡ್ಜ್ ಚೀಟಿಗಳನ್ನು ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿ ಓದಿದರು, ಆಮೇಲೆ ಟ್ರಕ್ಕಿನ ಬಾಗಿಲು ತೆರೆದು ಸ್ಟಿಕ್ಕರ್ ಓದಿದರು, ಆಮೇಲಷ್ಟೇ ಬೆಲೆಯ ಮಾತು. ಆ ಕ್ರಮವೇ ನನಗೆ ವಿಶ್ವಾಸ ಹುಟ್ಟಿಸಿತು. ರಿಮ್ ಬಿಚ್ಚಿದಾಗ ಅದರ ಒಳಬದಿಯಲ್ಲಿ ಅಚ್ಚಾಗಿದ್ದ ಗರಿಷ್ಠ ಭಾರವನ್ನು ನನ್ನನ್ನೂ ಕರೆದು ತೋರಿಸಿದರು. ಟೈರು ಎಷ್ಟು ಹೊತ್ತರೇನು, ರಿಮ್ ಅಷ್ಟು ಹೊರಬೇಕಲ್ಲವೇ? ನಮ್ಮದು ಕಾರ್ಖಾನೆಯದೇ ಆದ್ದರಿಂದ ಚಿಂತೆಯಿರಲಿಲ್ಲ. ಹೊರಗಿನಿಂದ ಅಲಂಕಾರದ ರಿಮ್ ಕೊಂಡವರು ಇದನ್ನು ಖಂಡಿತ ನೋಡಬೇಕು.

ವಾಲ್ವಿನ ವಿಷಯದಲ್ಲಿ ಅವರು ತೋರಿಸಿದ ಎಚ್ಚರ ಇನ್ನೂ ದೊಡ್ಡದು. ಕಾರುಗಳಿಗೆ ಹಾಕುವ ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ. 80 ತುಂಬಿಸುವ ಟೈರಿಗೆ ಅದನ್ನು ಸಿಕ್ಕಿಸಿದರೆ, ಹಗಲೆಲ್ಲ ಓಡಿ ಬಿಸಿಯಾದಾಗ ಅದು ಎಲ್ಲಿ ಕೈಕೊಡುತ್ತದೆಂದು ಹೇಳಲಾಗದು. ಇವರು ನಟ್ ಹಾಕಿ ಬಿಗಿಯುವ ಲೋಹದ ವಾಲ್ವ್ ಹಾಕಿದರು. ಕೆಲವೇ ಡಾಲರಿನ ವಸ್ತು. ನೀವು ಎಲ್ಲೇ ಹಾಕಿಸಿದರೂ ಈ ಒಂದು ಪ್ರಶ್ನೆ ಕೇಳಿ: ವಾಲ್ವ್ ಎಷ್ಟು ಒತ್ತಡಕ್ಕೆ?

ಟೈರಿನ ವಯಸ್ಸನ್ನೂ ಒಟ್ಟಿಗೆ ನೋಡಿದೆವು. ಪಕ್ಕದಲ್ಲಿ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 2324 ಎಂದಿದ್ದರೆ 2024ರ ಇಪ್ಪತ್ತಮೂರನೆಯ ವಾರ. ನಾಲ್ಕೂ ಒಂದೇ ಸುಮಾರಿನವು, ಹೊಸವು. ವೀಲ್ ನಟ್‌ಗಳನ್ನು ಏರ್ ಗನ್ನಿನಿಂದ ಬಿಗಿದು ಕೈತೊಳೆದುಕೊಳ್ಳದೆ, ಟಾರ್ಕ್ ವ್ರೆಂಚಿನಿಂದ ಒಂದೊಂದನ್ನೂ ನೋಡಿ, ನೂರು ಮೈಲಿಯೊಳಗೆ ಮತ್ತೆ ಬಂದು ಬಿಗಿಸಿಕೊಳ್ಳಿ ಎಂದರು. ಹೋದಾಗ ಹಣ ಕೇಳಲಿಲ್ಲ. ನಾಲ್ಕು ಟೈರು, ಜೋಡಣೆ, ಬ್ಯಾಲೆನ್ಸಿಂಗ್, ತೆರಿಗೆ ಸೇರಿ 1400 ಡಾಲರಿನ ಸುತ್ತ ಆಯಿತು. ಸರಣಿ ಅಂಗಡಿಗಳಲ್ಲಿ ಇನ್ನೂ ಸ್ವಲ್ಪ ಕಡಿಮೆಗೆ ಸಿಗುತ್ತಿತ್ತು. ಕಾಯಬೇಕಾದದ್ದು ಬಹಳ ಹೊತ್ತು, ಕೂರಲು ಒಳ್ಳೆಯ ಜಾಗವೂ ಇಲ್ಲ. ಆದರೂ ಮುಂದಿನ ಸಲವೂ ಅಲ್ಲಿಗೇ ಹೋಗುತ್ತೇನೆ.

ರಸ್ತೆಯ ಮೇಲೆ ಇವು ಹೇಗಿವೆ? ಮೊದಲ ದೂರದ ಪ್ರಯಾಣ ಸ್ಯಾನ್ ಆಂಟೋನಿಯೋದಿಂದ ಎಲ್ ಪಾಸೋ ಕಡೆಗೆ, ಐ-10 ಹೆದ್ದಾರಿಯಲ್ಲಿ. ಆ ಎರಡು ಊರುಗಳ ನಡುವೆ ಐನೂರೈವತ್ತು ಮೈಲಿ, ಬಹುಪಾಲು ಮರುಭೂಮಿ, ವೇಗದ ಮಿತಿ ಗಂಟೆಗೆ 80 ಮೈಲಿಯವರೆಗೆ. ನಾನು 65 ದಾಟುವುದಿಲ್ಲ. ಪಕ್ಕದಿಂದ ದೊಡ್ಡ ಲಾರಿ ಹಾದುಹೋದಾಗ ಗಾಳಿಯ ಒತ್ತಡಕ್ಕೆ ಟ್ರೇಲರ್ ಮೊದಲು ಹೊರಗೆ, ಆಮೇಲೆ ಒಳಗೆ ಸೆಳೆಯುತ್ತದೆ. ಹಿಂದಿದ್ದ ಆಲ್ ಟೆರೇನ್ ಟೈರುಗಳಲ್ಲಿ ಆ ಗಳಿಗೆಯಲ್ಲಿ ಟ್ರಕ್ಕಿನ ಹಿಂಭಾಗ ಕೊಂಚ ತೇಲಿದಂತೆ ಅನಿಸುತ್ತಿತ್ತು. ದಪ್ಪ ದಪ್ಪ ಬಟನ್‌ಗಳು ರಸ್ತೆಯ ಮೇಲೆ ನಿಂತಲ್ಲೇ ಅಲುಗಾಡುವುದೇ ಕಾರಣ. ಡಿಫೆಂಡರಿನದು ಹೆದ್ದಾರಿಯ ಬಟನ್, ಉದ್ದಕ್ಕೂ ಹತ್ತಿರ ಹತ್ತಿರ ಜೋಡಿಸಿದ ಪಟ್ಟಿಗಳು. ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೆ ಅಷ್ಟೇ ತಿರುಗುತ್ತದೆ, ಮತ್ತೆ ಸರಿಪಡಿಸುವ ಕೆಲಸ ಕಡಿಮೆ. ಸಂಜೆ ಇಳಿದಾಗ ಹೆಗಲು ನೋಯುವುದಿಲ್ಲ ಎಂದರೆ ಟ್ರೇಲರ್ ಎಳೆದವರಿಗೆ ಅರ್ಥವಾಗುತ್ತದೆ. ಸದ್ದಂತೂ ಇಲ್ಲವೇ ಇಲ್ಲ ಎನ್ನಬಹುದು. ಹಿಂದಿನ ಸೀಟಿನಲ್ಲಿ ಅತ್ತೆಯವರು ವಿಷ್ಣುಸಹಸ್ರನಾಮವನ್ನು ಮೊಬೈಲಿನಲ್ಲಿ ಸಣ್ಣ ಧ್ವನಿಯಲ್ಲಿ ಹಾಕಿದರೂ ಮುಂದಕ್ಕೆ ಕೇಳುತ್ತದೆ.

ನಿಜವಾದ ಪರೀಕ್ಷೆ ನ್ಯೂ ಮೆಕ್ಸಿಕೋದಲ್ಲಿ. ಅಲಮೊಗಾರ್ಡೊ ಊರಿನಿಂದ ಕ್ಲೌಡ್‌ಕ್ರಾಫ್ಟ್‌ಗೆ ಹೋಗುವ 82ನೆಯ ಹೆದ್ದಾರಿ ಹದಿನಾರು ಮೈಲಿಯಷ್ಟರಲ್ಲಿ 4300 ಅಡಿಯ ಬಯಲಿನಿಂದ 8600 ಅಡಿಗೂ ಮೇಲೆ ಏರುತ್ತದೆ. ನಡುವೆ ಒಂದು ಸುರಂಗ. ಅಲ್ಲಿಂದ ಕೆಳಗೆ ನೋಡಿದರೆ ವೈಟ್ ಸ್ಯಾಂಡ್ಸ್‌ನ ಬಿಳಿ ಮರಳು ಹಾಸಿಕೊಂಡಿರುತ್ತದೆ. ಹತ್ತುವುದು ಎಂಜಿನ್ನಿನ ಕೆಲಸ. ಇಳಿಯುವುದು ಟೈರಿನದು. ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿದಾಗ ಟ್ರಕ್ಕಿನ ಹಿಂದಿನ ಎರಡು ಟೈರುಗಳೇ ಒಂಬತ್ತು ಸಾವಿರ ಪೌಂಡಿನ ತಳ್ಳುವಿಕೆಯನ್ನು ತಡೆದು ಹಿಡಿಯಬೇಕು. ಚಾರ್ಮಾಡಿ ಘಾಟಿಯಲ್ಲಿ ಲೋಡು ಲಾರಿ ಇಳಿಯುವುದನ್ನು ನೋಡಿದವಳಾದ್ದರಿಂದ ನನಗೆ ಇಳಿಜಾರಿನ ಭಯ ಮೊದಲಿನಿಂದಲೂ ಇದೆ. ತಿರುವುಗಳಲ್ಲಿ ಹಿಂಭಾಗ ಒಮ್ಮೆಯೂ ಜಾರಿದಂತಾಗಲಿಲ್ಲ. ಮಧ್ಯಾಹ್ನ ಮಳೆ ಬಂದು ರಸ್ತೆ ಒದ್ದೆಯಾಗಿತ್ತು, ಆಗಲೂ ಇಲ್ಲ. ಕೆಳಗೆ ನಿಂತು, ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೂ, ನಮ್ಮ ಕ್ಲೀನರ್ ಹುಡುಗರಂತೆ ಕೈಯ ಹಿಂಬದಿಯನ್ನೂ ತಾಗಿಸಿ ನೋಡಿದೆ. ನಾಲ್ಕೂ ಒಂದೇ ಹದಕ್ಕೆ ಬಿಸಿಯಾಗಿದ್ದವು. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅದರಲ್ಲಿ ಗಾಳಿ ಕಡಿಮೆಯೆಂದೋ ಬ್ರೇಕ್ ಹಿಡಿದುಕೊಂಡಿದೆಯೆಂದೋ ತಿಳಿಯಬೇಕು.

ಕೊರತೆಗಳೂ ಇವೆ. ಕೆಸರು, ಒದ್ದೆ ಹುಲ್ಲು ಇವುಗಳ ಜಾಗವಲ್ಲ. ತೋಟ, ಹೊಲಗಳಲ್ಲಿ ದಿನವೂ ಓಡಾಡುವವರಿಗೆ ಆಲ್ ಟೆರೇನ್ ಬಟನ್ನೇ ಸರಿ, ಲೋಡ್ ಸೂಚ್ಯಂಕ ಕಡಿಮೆಯಾಗದಂತೆ ನೋಡಿಕೊಂಡರಾಯಿತು. ಹಿಂದೆ 80 ಪಿಎಸ್‌ಐ ಇಟ್ಟು ಖಾಲಿ ಟ್ರಕ್ಕು ಓಡಿಸಿದರೆ ರಸ್ತೆಯ ಸಣ್ಣ ಉಬ್ಬಿಗೂ ಸೊಂಟಕ್ಕೆ ಏಟು ಬೀಳುತ್ತದೆ. ಇದು ಲೋಡ್ ರೇಂಜ್ ಇ ಟೈರುಗಳ ಸ್ವಭಾವ. ಟ್ರೇಲರ್ ಇಲ್ಲದ ದಿನಗಳಲ್ಲಿ ಹಿಂದಿನವನ್ನು 60ಕ್ಕೆ ಇಳಿಸುತ್ತೇನೆ, ಖಾಲಿ ಆಕ್ಸೆಲ್‌ನ 3580 ಪೌಂಡಿಗೆ ಅದು ಬೇಕಾದಷ್ಟಾಯಿತು. ಟ್ರೇಲರ್ ಕಟ್ಟುವ ಹಿಂದಿನ ರಾತ್ರಿ ಮನೆಯ ಕಂಪ್ರೆಸರಿನಿಂದ ಮತ್ತೆ 80. ಈ ಕೆಲಸ ಬೇಸರ ತರುವವರು ಸದಾ 80ರಲ್ಲೇ ಬಿಡಲಿ, ಕಡಿಮೆ ಗಾಳಿಯಲ್ಲಿ ಟ್ರೇಲರ್ ಮಾತ್ರ ಎಳೆಯದಿರಲಿ.

ಟ್ರೇಲರಿನದೇ ಟೈರುಗಳ ಬಗ್ಗೆಯೂ ಒಂದು ಮಾತು, ಏಕೆಂದರೆ ದಾರಿಯಲ್ಲಿ ಸಿಡಿಯುವುದು ಹೆಚ್ಚಾಗಿ ಅವೇ. ಎಸ್‌ಟಿ (ಟ್ರೇಲರುಗಳಿಗೆಂದೇ ಮಾಡಿದ ವರ್ಗ) 225/75ಆರ್15 ಎಂಬುದು ಸಾಮಾನ್ಯ ಅಳತೆ. ಲೋಡ್ ರೇಂಜ್ ಡಿ ಆದರೆ 65 ಪಿಎಸ್‌ಐನಲ್ಲಿ 2540 ಪೌಂಡು, ಇ ಆದರೆ 80ರಲ್ಲಿ 2830. ನಮ್ಮ 7860 ಪೌಂಡನ್ನು ನಾಲ್ಕಕ್ಕೆ ಹಂಚಿದರೆ ಒಂದಕ್ಕೆ ಎರಡು ಸಾವಿರದ ಹತ್ತಿರ; ಅಡುಗೆಮನೆ, ಫ್ರಿಜ್ ಇರುವ ಬದಿಗೆ ಅದಕ್ಕಿಂತ ಹೆಚ್ಚು. ನಾನು ಇ ಹಾಕಿಸಿದೆ, ಗುಡ್‌ಇಯರ್ ಎಂಡ್ಯೂರೆನ್ಸ್. ಈ ಎಸ್‌ಟಿ ಟೈರುಗಳಲ್ಲಿ ಹಲವನ್ನು ಬಹಳ ಕಾಲದಿಂದ ಗಂಟೆಗೆ 65 ಮೈಲಿಯ ಮಿತಿಗೆ ತಯಾರಿಸುತ್ತಿದ್ದರು. ಆಸ್ಟಿನ್ ಪಕ್ಕದ ಟೋಲ್ ರಸ್ತೆ 130ರಲ್ಲಿ ವೇಗದ ಮಿತಿ ಕೆಲವೆಡೆ 85 ಮೈಲಿ. ರಸ್ತೆ ಬಿಡುತ್ತದೆಂದು ಅಂಥ ಟೈರಿನ ಟ್ರೇಲರನ್ನು ಎಂಬತ್ತರಲ್ಲಿ ಎಳೆದುಕೊಂಡು ಹೋಗುವವರನ್ನು ನೋಡಿದಾಗ ನನಗೆ ಎದೆ ನಡುಗುತ್ತದೆ.

ಟೇಲರಿನ ಅಂಗಡಿಯವರು ನಾನು ಕೇಳದೆಯೇ ಇನ್ನೊಂದು ಕೆಲಸ ಮಾಡಿದರು. ಟ್ರಕ್ಕಿನ ಅಡಿಯಲ್ಲಿ ಸರಪಳಿಗೆ ತೂಗುಹಾಕಿದ್ದ ಸ್ಟೆಪ್ನಿಯನ್ನು ಕೆಳಗಿಳಿಸಿ ನೋಡಿದರು. ಬಟನ್ ಹೊಸದರಂತೆ ನಿಂತಿತ್ತು, ಆದರೆ ಡಾಟ್ ಅಂಕಿ ಬಹಳ ಹಳೆಯದು, ಪಕ್ಕದ ರಬ್ಬರಿನಲ್ಲಿ ಸಣ್ಣ ಬಿರುಕುಗಳು, ಗಾಳಿ 80ರ ಅರ್ಧವೂ ಇರಲಿಲ್ಲ. ಹಳೆಯ ನಾಲ್ಕರಲ್ಲಿ ಚೆನ್ನಾಗಿದ್ದ, ಅದೇ ಅಳತೆಯ, ಅದೇ 125 ಸೂಚ್ಯಂಕದ ಒಂದನ್ನು ಸ್ಟೆಪ್ನಿಯ ರಿಮ್ಮಿಗೆ ಹಾಕಿ, ಅದಕ್ಕೂ ಲೋಹದ ವಾಲ್ವ್ ಬಿಗಿದು, 80 ತುಂಬಿಸಿ, ಮತ್ತೆ ಮೇಲಕ್ಕೇರಿಸಿದರು. ಬಿಲ್ಲಿನಲ್ಲಿ ಅದಕ್ಕೆ ಜೋಡಣೆಯ ಕೂಲಿ ಮತ್ತು ವಾಲ್ವಿನ ಬೆಲೆ ಮಾತ್ರ ಇತ್ತು.